ಹಾಸಿಗೆಯ ನಾಲ್ಕು ಮೂಲೆಗಳು
(ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಕಫೆರ್ನವುಮಿನಲ್ಲಿ ಪಾರ್ಶ್ವವಾಯು ಪೀಡಿತನನ್ನು ಪ್ರಭುವಿನ ಬಳಿಗೆ ಹೊತ್ತು ತಂದವರು ನಾಲ್ವರೆಂದು ಸಂತ ಮಾರ್ಕರು ಬರೆದಿದ್ದಾರೆ. ನಮ್ಮ ಮನೆಗಳಲ್ಲಾದರೋ ಹಾಸಿಗೆಯ ನಾಲ್ಕು ಮೂಲೆಗಳನ್ನೂ ಹಿಡಿದಿರುವವಳು ಬಹುಮಟ್ಟಿಗೆ ಒಬ್ಬಳೇ ತಾಯಿ, ಇಲ್ಲವೇ ಒಬ್ಬಳೇ ಸೊಸೆ.

ಮಲಗಿದಲ್ಲೇ ಇರುವ ರೋಗಿಯ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸಬೇಕು. ತಪ್ಪಿದರೆ ಬೆನ್ನಿನಲ್ಲಿ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ನುಂಗಲಾರದ ಮಗುವನ್ನು ನೆಟ್ಟಗೆ ಕೂರಿಸಿ ತುತ್ತುತುತ್ತಾಗಿ ಉಣಿಸಬೇಕು. ಮಲಗಿಸಿ ಉಣಿಸಿದರೆ ಅನ್ನವು ಶ್ವಾಸನಾಳಕ್ಕೆ ಇಳಿದೀತು. ಮೂರ್ಛೆರೋಗದ ಮಾತ್ರೆ ಒಂದು ದಿನವೂ ತಪ್ಪಕೂಡದು. ಹಗಲಿರುಳಿನ ಈ ಸೇವೆಗೆ ಪ್ರೀತಿಯೊಂದೇ ಸಾಲದು. ತಿಳಿವಳಿಕೆ ಬೇಕು, ವಿಶ್ರಾಂತಿಯೂ ಬೇಕು. ನಿದ್ದೆಗೆಟ್ಟ ಕೈ, ಎಷ್ಟೇ ಪ್ರೀತಿಯದಾದರೂ, ತಪ್ಪುತ್ತದೆ.

ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆ ಭತ್ಯೆ ನೀಡಲು 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಅವಕಾಶ ಕಲ್ಪಿಸಿದೆ. ಆದರೆ ಕಾಯಿದೆ ಎಂಬುದು ಅಣೆಕಟ್ಟಿನಂತೆ. ನಾರಾಯಣಪುರದ ಬಸವಸಾಗರದಲ್ಲಿ ಕೃಷ್ಣೆಯು ನಿಂತಮಾತ್ರಕ್ಕೆ ಸುರಪುರ, ಶಹಾಪುರಗಳ ಹೊಲಗಳು ನೆನೆಯಲಿಲ್ಲ. ಕಾಲುವೆಗಳು ಹರಿದ ಮೇಲೆ ನೆನೆದವು. ಆ ಮನೆಗಳಿಗೆ ಹರಿಯುವ ಕಾಲುವೆಗಳು ನಾವಾಗಬೇಕು. ಅರ್ಜಿ ಬರೆದುಕೊಡುವವರೊಬ್ಬರು, ಔಷಧ ತಂದುಕೊಡುವವರೊಬ್ಬರು, ಆಸ್ಪತ್ರೆಗೆ ಜೊತೆಯಾಗುವವರೊಬ್ಬರು. ಭಾನುವಾರ ರೋಗಿಯ ಬಳಿ ಎರಡು ಗಂಟೆ ಕುಳಿತು, ಆ ತಾಯಿಯನ್ನು ಬಲಿಪೂಜೆಗೆ ಕಳುಹಿಸುವವರೊಬ್ಬರು.

ರೋಗಿಗೆ ಪರಮಪ್ರಸಾದವನ್ನು ಮನೆಗೆ ಒಯ್ಯುವ ನಾವು, ಅವನನ್ನು ಆರೈಕೆ ಮಾಡುವವಳು ದೇವಾಲಯಕ್ಕೆ ಬಂದು ಎಷ್ಟು ದಿನಗಳಾದವೆಂದು ಎಂದಾದರೂ ಕೇಳಿದ್ದೇವೆಯೇ? ನೂರು ತುಂಬಿದ ನಮ್ಮ ಧರ್ಮಕೇಂದ್ರದಲ್ಲಿ ಇನ್ನು ಮುಂದೆ ಯಾವ ಹಾಸಿಗೆಯನ್ನೂ ಒಬ್ಬರೇ ಹೊರದಂತಾಗಲಿ. ಬನ್ನಿ, ಒಂದೊಂದು ಮೂಲೆಯನ್ನು ಹಿಡಿಯೋಣ. ಪ್ರಭು ನಮಗೆ ಆ ಬಲವನ್ನು ಕರುಣಿಸಲಿ.