ಲೆಕ್ಕದ ಎರಡನೆಯ ಪ್ರತಿ

(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣದ ಬರಹ)



ಈ ಸಂಜೆ ನಾನು ಮಾತನಾಡಬೇಕಾದ ವಿಷಯ ಕಂಪ್ಯೂಟರಿನ ಬ್ಯಾಕಪ್. ಇದು ದೊಡ್ಡ ಕಚೇರಿಗಳ ಮಾತು, ನಮಗೇನು ಸಂಬಂಧವೆಂದು ಕೆಲವರಿಗೆ ಅನ್ನಿಸಬಹುದು. ಸಂಬಂಧ ಬಹಳ ಉಂಟು. ನಮ್ಮ ಹಾಜರಿ, ಪಗಾರ, ಓವರ್‌ಟೈಮು, ಪ್ರಾವಿಡೆಂಟ್ ಫಂಡು ಇವೆಲ್ಲವೂ ಕಾಗದದ ಪುಸ್ತಕ ಬಿಟ್ಟು ಕಂಪ್ಯೂಟರಿಗೆ ಹೋಗಿ ಕುಳಿತಿವೆ. ಅಲ್ಲದೆ, ನಮ್ಮವರ ಮಕ್ಕಳು ಅನೇಕರು ಈಗ ಅಂಥ ಕಚೇರಿಗಳ ಯಂತ್ರದ ಕೋಣೆಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಾರೆ. ಆದುದರಿಂದ ಹಿರಿಯರಿಗೆ ತಿಳಿಯುವಂತೆಯೂ ಕಿರಿಯರ ಕೆಲಸಕ್ಕೆ ಒದಗುವಂತೆಯೂ ನಾಲ್ಕು ಮಾತು ಹೇಳಲು ಪ್ರಯತ್ನಿಸುತ್ತೇನೆ.

ಲೆಕ್ಕ ಕಳೆದರೆ ಏನಾಗುತ್ತದೆಂಬುದನ್ನು ಮುಂಬಯಿಯ ಗಿರಣಿ ಕಾರ್ಮಿಕನಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಇದ್ದರು. ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಎಷ್ಟೋ ವರ್ಷಗಳ ನಂತರ ಗಿರಣಿ ಕಾರ್ಮಿಕರಿಗೆ ಮನೆ ಕೊಡುವ ಯೋಜನೆ ಬಂದಾಗ, ದುಡಿದದ್ದಕ್ಕೆ ಪುರಾವೆ ತಾ ಎಂದರು. ಟಿಕೇಟು, ಪ್ರಾವಿಡೆಂಟ್ ಫಂಡಿನ ಸಂಖ್ಯೆ, ಇ.ಎಸ್.ಐ. ಸಂಖ್ಯೆ ಇವನ್ನು ಟ್ರಂಕಿನ ತಳದಲ್ಲಿ ಜೋಪಾನ ಮಾಡಿದವನು ಎದೆಗುಂದದೆ ಅರ್ಜಿ ಹಾಕಿದನು. ಎಲ್ಲವೂ ಗಿರಣಿಯ ಮಸ್ಟರಿನಲ್ಲಿದೆಯೆಂದು ನಂಬಿ ಕುಳಿತವನು ಬಾಗಿಲು ಬಾಗಿಲು ಅಲೆಯಬೇಕಾಯಿತು. ಟ್ರಂಕಿನ ತಳದ ಆ ಚೀಟಿಯೇ ಬ್ಯಾಕಪ್. ನಾನು ಹೇಳುವುದೆಲ್ಲ ಅದರ ವಿಸ್ತಾರವಷ್ಟೆ.

ಬ್ಯಾಕಪ್ ಎಂದರೆ ಮೂಲ ಹಾಳಾದರೆ ಇರಲಿ ಎಂದು ಬೇರೆಡೆ ತೆಗೆದಿಟ್ಟ ಪ್ರತಿ. ಹೋಟೆಲಿನ ಒಲೆಯ ಮುಂದೆ ನಿಂತವರಿಗೆ ಹೆಪ್ಪಿನ ಮಾತು ಸಾಕು. ರಾತ್ರಿ ಮೊಸರೆಲ್ಲ ಖರ್ಚಾದರೂ ಒಂದು ಬಟ್ಟಲು ಎತ್ತಿಡುತ್ತೇವೆ. ಅದಿದ್ದರೆ ನಾಳೆಯ ಮೊಸರು ಉಂಟು. ಹೆಪ್ಪು ಕೆಟ್ಟಿದ್ದರೆ ತಿಳಿಯುವುದು ಮರುದಿನ, ಹಾಲು ಹಾಲಾಗಿಯೇ ಉಳಿದಾಗ. ಬ್ಯಾಕಪ್ಪಿನ ಕಷ್ಟವೂ ಇದೇ. ಇಡುವಾಗ ಎಲ್ಲವೂ ಸರಿಯಾಗಿ ಕಾಣುತ್ತದೆ. ತೆಗೆಯುವಾಗ ನಿಜ ಹೊರಬೀಳುತ್ತದೆ.

ಪ್ರತಿ ತೆಗೆಯುವ ರೀತಿ ಮೂರು. ರೋಜು ಕಿರ್ದಿಯನ್ನು ನೆನೆದುಕೊಳ್ಳಿ. ಭಾನುವಾರ ಇಡೀ ಕಿರ್ದಿಯನ್ನು ನಕಲು ಮಾಡಿದರೆ ಅದು ಪೂರ್ಣ ಪ್ರತಿ. ಸೋಮವಾರದಿಂದ ಆಯಾ ದಿನ ಬರೆದ ಪುಟಗಳನ್ನಷ್ಟೇ ನಕಲು ಮಾಡುತ್ತ ಹೋದರೆ ಇನ್‌ಕ್ರಿಮೆಂಟಲ್ ಎನ್ನುತ್ತಾರೆ. ಜಾಗವೂ ಕಡಿಮೆ ಬೇಕು, ಹೊತ್ತೂ ಕಡಿಮೆ ಬೇಕು. ಆದರೆ ಶುಕ್ರವಾರ ಪುಸ್ತಕ ಸುಟ್ಟುಹೋದರೆ ಭಾನುವಾರದ ಪ್ರತಿಯೂ ಆಮೇಲಿನ ನಾಲ್ಕು ದಿನದ ಪುಟಗಳೂ ಒಂದು ಬಿಡದೆ ಬೇಕಾಗುತ್ತವೆ. ಮಂಗಳವಾರದ್ದು ಕಳೆದಿದ್ದರೆ ಸೋಮವಾರದವರೆಗೆ ಮಾತ್ರ ಲೆಕ್ಕವನ್ನು ನಂಬಬಹುದು. ಮುಂದಿನದೆಲ್ಲ ಕೊಂಡಿ ಕಳಚಿದ ಸರಪಳಿ. ಮೂರನೆಯ ರೀತಿ ಡಿಫರೆನ್ಶಿಯಲ್. ಇದರಲ್ಲಿ ಪ್ರತಿದಿನವೂ ಭಾನುವಾರದಿಂದೀಚೆಗೆ ಬದಲಾದುದೆಲ್ಲವನ್ನೂ ನಕಲು ಮಾಡುತ್ತಾರೆ. ಮರಳಿ ತೆಗೆಯಲು ಎರಡೇ ಪ್ರತಿ ಸಾಕು, ಆದರೆ ಗಂಟು ದಿನದಿನಕ್ಕೂ ಭಾರವಾಗುತ್ತದೆ.

ಯಾವ ಕಂಪನಿಯ ಸಾಫ್ಟ್‌ವೇರೇ ಆಗಲಿ, ಅದನ್ನು ಹೊಂದಿಸುವ ಮೊದಲು ಮೂರು ಪ್ರಶ್ನೆ ಕೇಳಬೇಕು.

ಮೊದಲನೆಯದು, ಎಷ್ಟು ಹೊತ್ತಿನ ಲೆಕ್ಕ ಕಳೆದರೆ ತಡೆದುಕೊಳ್ಳಬಹುದು? ಒಂದು ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಅಲ್ಲಿ ಬೆಳಿಗ್ಗೆ 7, ಮಧ್ಯಾಹ್ನ 3, ರಾತ್ರಿ 11 ಹೀಗೆ ಮೂರು ಪಾಳಿಯ ಹಾಜರಿ ಬೀಳುತ್ತದೆ. ಪ್ರತಿ ತೆಗೆಯುವುದು ರಾತ್ರಿ 2 ಗಂಟೆಗೆ ಒಂದೇ ಸಲ. ರಾತ್ರಿ 11.30ಕ್ಕೆ ಡಿಸ್ಕು ಕೆಟ್ಟರೆ ಮೂರು ಪಾಳಿಯವರ ಹಾಜರಿಯೂ ಹೋಯಿತು. ಪ್ರತಿ ಪಾಳಿ ಬಿದ್ದ ಮೇಲೆ ಒಂದು ಸಣ್ಣ ಇನ್‌ಕ್ರಿಮೆಂಟಲ್ ಇಟ್ಟರೆ ಇದು ತಪ್ಪುತ್ತದೆ.

ಎರಡನೆಯದು, ಮರಳಿ ಬರಲು ಎಷ್ಟು ಹೊತ್ತು ಕಾಯಬಹುದು? ಒಂದು ಗಿಗಾಬಿಟ್ ವೇಗದ ತಂತಿಯ ಮೇಲೆ 10 ಟೆರಾಬೈಟು ಸಾಗಲು, ತಂತಿಯಲ್ಲಿ ಬೇರೆ ಏನೂ ಓಡದಿದ್ದರೂ, 22 ಗಂಟೆಗೆ ಮೇಲೆ ಹಿಡಿಯುತ್ತದೆ. ಇದು ಬರಿಯ ಗುಣಾಕಾರ ಭಾಗಾಕಾರ. ಪಗಾರದ ಹಿಂದಿನ ರಾತ್ರಿ ಈ ಲೆಕ್ಕ ಮಾಡಲು ಕುಳಿತರೆ ಪ್ರಯೋಜನವಿಲ್ಲ.

ಮೂರನೆಯದು, ಹಳೆಯ ಪ್ರತಿಯನ್ನು ಎಷ್ಟು ದಿನ ಇಡಬೇಕು? ತಿಂಗಳ 3ನೆಯ ತಾರೀಕು ಯಾರದೋ ಕೈತಪ್ಪಿ ನಲವತ್ತು ಜನರ ಓವರ್‌ಟೈಮು ಅಳಿಸಿಹೋಯಿತೆನ್ನಿ. ಅದು ಗೊತ್ತಾಗುವುದು ಮುಂದಿನ ಪಗಾರದ ದಿನ. ಏಳೇ ದಿನದ ಪ್ರತಿ ಇಡುವಂತೆ ಹೊಂದಿಸಿದ್ದರೆ ಅಷ್ಟರಲ್ಲಿ ಸರಿಯಾದ ಪ್ರತಿಯೆಲ್ಲ ಹೋಗಿ ತಪ್ಪಿನ ಪ್ರತಿಯೇ ಏಳು ಕೂಡಿರುತ್ತದೆ. ಆದುದರಿಂದ ದಿನದ ಪ್ರತಿಯ ಜೊತೆಗೆ ವಾರದ್ದೊಂದು, ತಿಂಗಳಿನದೊಂದು, ವರ್ಷದ್ದೊಂದು ಹೆಚ್ಚು ಕಾಲ ಉಳಿಯುವಂತೆ ಮಾಡಬೇಕು.

ಇನ್ನು, ಎಲ್ಲಿಡಬೇಕು? ಬಲ್ಲವರು ಹೇಳುವ ಸೂತ್ರ 3-2-1. ಮೂಲವೂ ಸೇರಿ ಮೂರು ಪ್ರತಿ. ಎರಡು ಬಗೆಯ ಸಾಧನ, ಅಂದರೆ ಒಂದು ಡಿಸ್ಕು, ಒಂದು ಟೇಪು ಎನ್ನುವಂತೆ. ಒಂದು ಪ್ರತಿ ಬೇರೆ ಊರಿನಲ್ಲಿ, ಇಲ್ಲವೇ ಬೇರೆ ಕಟ್ಟಡದಲ್ಲಿ. ಇದರ ಬೆಲೆಯನ್ನು ಬೆಂಕಿ ಹೇಳಿಕೊಟ್ಟಿದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಒವಿಎಚ್ ಎಂಬ ಕಂಪನಿಯ ದತ್ತಾಂಶ ಕೇಂದ್ರದ ಒಂದು ಕಟ್ಟಡ ಪೂರ್ತಿ ಸುಟ್ಟಿತು. ಬ್ಯಾಕಪ್ಪಿಗೆಂದು ಬೇರೆ ಹಣ ತೆತ್ತಿದ್ದ ಗಿರಾಕಿಗಳಲ್ಲಿ ಕೆಲವರ ಪ್ರತಿಯೂ ಅಲ್ಲಿಯೇ ಇತ್ತು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ ಸರಕಾರಿ ಮಾಹಿತಿ ಕೇಂದ್ರಕ್ಕೆ ಬೆಂಕಿ ಬಿದ್ದಾಗ ನೌಕರರು ತಮ್ಮ ಕಡತಗಳನ್ನಿಡುತ್ತಿದ್ದ ಜಿ-ಡ್ರೈವ್ ನಾಶವಾಯಿತು. ಅದರಲ್ಲಿದ್ದುದು 858 ಟೆರಾಬೈಟು. ಒಂದು ಟೆರಾಬೈಟೆಂದರೆ ಇಂಗ್ಲಿಷಿನ ಲಕ್ಷ ಕೋಟಿ ಅಕ್ಷರ ಹಿಡಿಯುವ ಜಾಗ. ಗಾತ್ರ ದೊಡ್ಡದೆಂಬ ಕಾರಣಕ್ಕೆ ಹೊರಗೆ ಪ್ರತಿ ಇಟ್ಟಿರಲಿಲ್ಲ.

ಬೆಂಕಿಗಿಂತ ಕೆಟ್ಟವರು ಕಳ್ಳರು. ಕಂಪ್ಯೂಟರಿನೊಳಗೆ ನುಗ್ಗಿ ಲೆಕ್ಕಕ್ಕೆ ಬೀಗ ಜಡಿದು ಹಣ ಕೇಳುವ ದಂಧೆಗೆ ರ‍್ಯಾನ್ಸಮ್‌ವೇರ್ ಎಂದು ಹೆಸರು. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಗೆ ಇಂಥ ದಾಳಿಯಾಯಿತು. ಎರಡು ವಾರದ ಮಟ್ಟಿಗೆ ರೋಗಿಗಳ ಚೀಟಿಯನ್ನು ಕೈಯಲ್ಲಿ ಬರೆಯಬೇಕಾಯಿತು. ಆ ದಾಳಿ ಮುಟ್ಟದ ಒಂದು ಬ್ಯಾಕಪ್ ಯಂತ್ರ ಉಳಿದಿತ್ತು. ರೋಗಿಗಳ ದಾಖಲೆ ಮರಳಿದ್ದು ಅದರಿಂದ. ಆದುದರಿಂದ ಬ್ಯಾಕಪ್ ಯಂತ್ರದ ಪಾಸ್‌ವರ್ಡು ಉಳಿದವುಗಳಿಂದ ಬೇರೆಯಾಗಿರಬೇಕು. ಒಂದು ಪ್ರತಿಯಾದರೂ ತಂತಿಯಿಂದ ಕಳಚಿ ಇಟ್ಟದ್ದಾಗಿರಬೇಕು, ಇಲ್ಲವೇ ಇಂತಿಷ್ಟು ದಿನ ಯಾರಿಂದಲೂ ಅಳಿಸಲಾಗದಂತೆ ಮಾಡಿದ್ದಾಗಿರಬೇಕು. ಗಲ್ಲಾಪೆಟ್ಟಿಗೆಯ ಕೀಲಿಯೇ ತಿಜೋರಿಗೂ ಹೊಂದಿದರೆ ಎರಡು ಬೀಗ ಹಾಕಿ ಫಲವೇನು?

ಈಗ ಕೆಲಸ ಕೆಡುವ ಬಗೆಯನ್ನು ನೋಡೋಣ. ಗಿಟ್‌ಲ್ಯಾಬ್ ಎಂಬ ಕಂಪನಿಯ ಕಥೆಯನ್ನು ಈ ಕಸುಬಿನ ಹುಡುಗರು ಬಾಯಿಪಾಠ ಮಾಡಿಕೊಳ್ಳಬೇಕು. 2017ರ ಜನವರಿ 31ರ ರಾತ್ರಿ, ದಣಿದ ಒಬ್ಬ ಇಂಜಿನಿಯರು ಒಂದು ಯಂತ್ರವೆಂದು ತಿಳಿದು ಇನ್ನೊಂದು ಯಂತ್ರದಲ್ಲಿ ಅಳಿಸುವ ಆಜ್ಞೆ ಕೊಟ್ಟನು. ಒಡನೆ ಎಚ್ಚೆತ್ತು ತಡೆದರೂ 300 ಗಿಗಾಬೈಟಿನಲ್ಲಿ ಉಳಿದದ್ದು 4.5. ಪ್ರತಿ ಇಡುವ ಐದು ಏರ್ಪಾಡುಗಳಿದ್ದವು. ನೆಚ್ಚಿಕೊಳ್ಳುವಂತೆ ಒಂದೂ ಒದಗಲಿಲ್ಲ. ದಿನವೂ ಪ್ರತಿ ತೆಗೆಯುವ ಕಾರ್ಯಕ್ರಮ 9.2ನೆಯ ಆವೃತ್ತಿಯದು, ಡೇಟಾಬೇಸು 9.6ನೆಯ ಆವೃತ್ತಿಯದು. ಎರಡೂ ಹೊಂದದೆ ಅದು ಪ್ರತಿದಿನವೂ ಸೋಲುತ್ತಿತ್ತು. ಸೋತೆನೆಂದು ಅದು ಕಳಿಸಿದ ಇ-ಮೇಲನ್ನು ಸಹಿ ಇಲ್ಲವೆಂಬ ಕಾರಣಕ್ಕೆ ಅಂಚೆಯ ಯಂತ್ರವೇ ತಿರಸ್ಕರಿಸುತ್ತಿತ್ತು. ದೂರದಲ್ಲಿ ಪ್ರತಿ ಇಡುವ ಕಣಜ ಬರಿದಾಗಿತ್ತು. ಕೊನೆಗೆ, ಬೇರೆ ಯಾವುದೋ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿದ್ದ ಒಂದು ಪ್ರತಿ ಕಂಪನಿಯನ್ನು ಉಳಿಸಿತು. ಅದನ್ನು ಮರಳಿ ಸಾಗಿಸಲು ಸುಮಾರು 18 ಗಂಟೆ ಹಿಡಿಯಿತು.

ಇದರಿಂದ ಕಲಿಯಬೇಕಾದದ್ದು, ಮೌನವನ್ನು ಕ್ಷೇಮವೆಂದು ತಿಳಿಯಬಾರದು. ಸೋತಾಗ ಮಾತ್ರ ಕೂಗುವ ಯಂತ್ರ ಕೂಗುವ ಶಕ್ತಿಯನ್ನೇ ಕಳೆದುಕೊಂಡಿರಬಹುದು. ಗೆದ್ದರೂ ಬೆಳಿಗ್ಗೆ ವರದಿ ಬರುವಂತೆ ಹೊಂದಿಸಿರಿ. ವರದಿ ಬಾರದ ಬೆಳಿಗ್ಗೆ ಅದೇ ಅಪಾಯದ ಗಂಟೆ.

ಇನ್ನು ಬ್ಯಾಕಪ್ ಕೆಟ್ಟಿದೆಯೆಂದು ತಿಳಿದಾಗ ಏನು ಮಾಡಬೇಕು? ಕ್ರಮವಾಗಿ ಹೇಳುತ್ತೇನೆ.

ಮೊದಲು ಲಾಗನ್ನು, ಅಂದರೆ ಯಂತ್ರ ಬರೆದಿಟ್ಟ ದಿನಚರಿಯನ್ನು, ಮೇಲಿನಿಂದ ಓದಿರಿ. ಕೊನೆಯ ಸಾಲಿನಲ್ಲಿ ‘ಕೆಲಸ ನಿಂತಿತು’ ಎಂದಷ್ಟೇ ಇರುತ್ತದೆ. ಕಾರಣ ಇರುವುದು ಮೊದಲ ತಪ್ಪಿನ ಸಾಲಿನಲ್ಲಿ. ಮಗ್ಗ ನಿಂತಾಗ ಎಲ್ಲಿ ಎಳೆ ತುಂಡಾಯಿತೆಂದು ಹುಡುಕುವುದಿಲ್ಲವೇ, ಹಾಗೆ.

ಆಮೇಲೆ, ಕಡೆಯ ಸಲ ಸರಿಯಾಗಿ ನಡೆದ ದಿನಕ್ಕೂ ಇಂದಿಗೂ ನಡುವೆ ಬದಲಾದುದೇನು ಎಂದು ಕೇಳಿರಿ. ಯಾರಾದರೂ ಪಾಸ್‌ವರ್ಡು ಬದಲಿಸಿದರೇ? ಹೊಸ ಆವೃತ್ತಿ ಹಾಕಿದರೇ? ಫೈರ್‌ವಾಲಿನಲ್ಲಿ ದಾರಿ ಮುಚ್ಚಿದರೇ? ಎಷ್ಟೋ ಸಲ ಕಾರಣ ಇಷ್ಟೇ ಸಣ್ಣದಾಗಿರುತ್ತದೆ.

ಮೂರನೆಯದಾಗಿ, ಮೂಲ, ದಾರಿ, ಉಗ್ರಾಣ ಈ ಮೂರನ್ನು ಬೇರೆ ಬೇರೆಯಾಗಿ ಪರೀಕ್ಷಿಸಿರಿ. ಮೂಲದ ಕಡತ ಓದಲು ಅನುಮತಿ ಇದೆಯೇ? ಯಂತ್ರ ಯಂತ್ರಕ್ಕೆ ಸಂಪರ್ಕವಿದೆಯೇ? ಉಗ್ರಾಣದಲ್ಲಿ ಜಾಗವಿದೆಯೇ? ಜಾಗ ಇಲ್ಲವೆಂದು ಅವಸರದಲ್ಲಿ ಹಳೆಯ ಪ್ರತಿ ಅಳಿಸಬೇಡಿರಿ. ಸರಪಳಿಯ ಮೊದಲ ಕೊಂಡಿಯೇ ಅದಾಗಿರಬಹುದು. ಅಳಿಸಲೇಬೇಕಾದರೆ ಸಾಫ್ಟ್‌ವೇರಿನ ಮೂಲಕವೇ ಅಳಿಸಿರಿ, ಅದಕ್ಕೆ ಯಾವ ಪ್ರತಿ ಯಾವುದರ ಮೇಲೆ ನಿಂತಿದೆಯೆಂಬುದು ಗೊತ್ತಿರುತ್ತದೆ.

ನಾಲ್ಕನೆಯದಾಗಿ, ಹಳದಿ ಬಣ್ಣದ ಎಚ್ಚರಿಕೆಯನ್ನು ಹಸಿರೆಂದು ಎಣಿಸಬೇಡಿರಿ. ‘ಕೆಲಸ ಮುಗಿಯಿತು, ಒಂದು ಕಡತ ಬಿಟ್ಟುಹೋಯಿತು’ ಎಂದಿದ್ದರೆ ಯಾವುದೆಂದು ನೋಡಿರಿ. ಬಿಟ್ಟುಹೋಗುವುದು ಹೆಚ್ಚಾಗಿ ಬಳಕೆಯಲ್ಲಿರುವ ಕಡತ, ಅಂದರೆ ಎಲ್ಲಕ್ಕಿಂತ ಮುಖ್ಯವಾದ ಡೇಟಾಬೇಸೇ. ಬರೆಯುತ್ತಿರುವ ಪುಟವನ್ನು ನಕಲು ಮಾಡಿದರೆ ಅರ್ಧ ಹಳೆಯದು ಅರ್ಧ ಹೊಸದು ಕೂಡಿಬರುತ್ತದೆ. ಅದಕ್ಕಾಗಿಯೇ ವಿಂಡೋಸಿನಲ್ಲಿ ವಾಲ್ಯೂಮ್ ಷ್ಯಾಡೋ ಕಾಪಿ ಎಂಬ ಏರ್ಪಾಡಿದೆ. ಅದು ಡೇಟಾಬೇಸಿಗೆ ಒಂದು ಕ್ಷಣ ಲೇಖನಿ ಎತ್ತಲು ಹೇಳಿ, ಆ ಕ್ಷಣದ ಚಿತ್ರವನ್ನು ಹಿಡಿದು, ಮತ್ತೆ ಬರೆಯಲು ಬಿಡುತ್ತದೆ. ಈ ಏರ್ಪಾಡು ಸೋತಿದೆಯೇ ಎಂದು ಬೇರೆಯಾಗಿ ನೋಡಬೇಕು.

ಐದನೆಯದಾಗಿ, ದೋಷ ಸರಿಪಡಿಸಿದ ಮೇಲೆ ಹೊಸದಾಗಿ ಒಂದು ಪೂರ್ಣ ಪ್ರತಿ ತೆಗೆದು, ಅದನ್ನು ಬೇರೊಂದು ಯಂತ್ರದಲ್ಲಿ ಮರಳಿ ತೆರೆದು ನೋಡಿರಿ. ಇದು ಎಲ್ಲಕ್ಕೂ ಮಿಗಿಲಾದದ್ದು. ಕಡತ ಬಂದರೆ ಸಾಲದು. ಅದು ತೆರೆಯಬೇಕು, ಅದರಲ್ಲಿ ಮೊನ್ನೆಯ ಹಾಜರಿ ಕಾಣಬೇಕು, ಕೂಡಿಸಿದ ಲೆಕ್ಕ ಮೂಲಕ್ಕೆ ತಾಳೆಯಾಗಬೇಕು. ಪ್ರತಿಗೆ ಗುಪ್ತಲಿಪಿಯ ಬೀಗ ಹಾಕಿದ್ದರೆ ಅದರ ಕೀಲಿ ಸುಟ್ಟ ಯಂತ್ರದೊಳಗೇ ಇತ್ತೇ, ಹೊರಗಿತ್ತೇ ಎಂಬುದೂ ಆಗಲೇ ತಿಳಿಯುತ್ತದೆ. ಹೀಗೆ ಮರಳಿ ತೆಗೆದು ನೋಡದ ಪ್ರತಿಯನ್ನು ಪ್ರತಿಯೆಂದು ಕರೆಯಲು ನನಗೆ ಧೈರ್ಯವಿಲ್ಲ.

ಇಲ್ಲಿ ಕಾರ್ಮಿಕರ ಸಂಘದವರಾಗಿ ನಾವು ಯೋಚಿಸಬೇಕಾದ ಒಂದು ಮಾತಿದೆ. ಮರಳಿ ತೆಗೆದು ನೋಡುವುದಕ್ಕೆ ಹೊತ್ತು ಬೇಕು, ಒಂದು ಖಾಲಿ ಯಂತ್ರ ಬೇಕು, ಡಿಸ್ಕು ಬೇಕು. ಯಜಮಾನರು ಸಾಫ್ಟ್‌ವೇರಿಗೆ ಹಣ ಕೊಡುತ್ತಾರೆ. ಈ ಪರೀಕ್ಷೆಗೆ ತಿಂಗಳಿಗೆ ನಾಲ್ಕು ಗಂಟೆ ಕೊಡಲು ಹಿಂದೆಮುಂದೆ ನೋಡುತ್ತಾರೆ. ಅನಾಹುತವಾದಾಗ ಮಾತ್ರ ಆ ರಾತ್ರಿ ಪಾಳಿಯಲ್ಲಿದ್ದ ಹುಡುಗನ ಹೆಸರು ಕೇಳುತ್ತಾರೆ. ಗಿಟ್‌ಲ್ಯಾಬಿನವರು ತಮ್ಮ ವರದಿಯನ್ನು ಜಗತ್ತಿಗೆಲ್ಲ ಪ್ರಕಟಿಸಿದಾಗ ಆ ಇಂಜಿನಿಯರನ ಹೆಸರು ಹಾಕಲಿಲ್ಲ; ಪ್ರತಿಗಳನ್ನು ಪರೀಕ್ಷಿಸುವ ಹೊಣೆ ಯಾರಿಗೂ ವಹಿಸಿರಲಿಲ್ಲವೆಂದು ಬರೆದರು. ಅದು ನ್ಯಾಯವಾದ ದಾರಿ. ಆದುದರಿಂದ ಈ ಕೆಲಸದಲ್ಲಿರುವ ತರುಣರೇ, ಪರೀಕ್ಷೆಯ ಹೊತ್ತನ್ನು ಕೆಲಸದ ಹೊತ್ತೆಂದೇ ಬರೆಯಿಸಿಕೊಳ್ಳಿರಿ. ಎಂದು ಪರೀಕ್ಷಿಸಿದಿರಿ, ಏನು ಮರಳಿತು, ಎಷ್ಟು ಹೊತ್ತು ಹಿಡಿಯಿತು ಎಂದು ದಿನಾಂಕ ಹಾಕಿ ಬರೆದಿಡಿರಿ. ಸಮಯ ಕೇಳಿದಿರಿ, ಸಿಗಲಿಲ್ಲ ಎಂದಾದರೆ ಅದನ್ನೂ ಬರೆದು ಮೇಲಿನವರಿಗೆ ಕಳಿಸಿರಿ.

ಉಳಿದ ಬಂಧುಗಳಿಗೆ ನನ್ನ ಬಿನ್ನಹ ಚಿಕ್ಕದು. ಪ್ರಾವಿಡೆಂಟ್ ಫಂಡಿನ ಲೆಕ್ಕಕ್ಕೆ 2014ರಿಂದ 12 ಅಂಕೆಯ ಒಂದು ಸಂಖ್ಯೆ ಕೊಡುತ್ತಿದ್ದಾರೆ. ಆ ಸಂಖ್ಯೆಯನ್ನು ಮೊಬೈಲಿನಲ್ಲಿ ಮಾತ್ರ ಇಡದೆ ಕಾಗದದಲ್ಲಿಯೂ ಬರೆದಿಡಿರಿ. ವರ್ಷಕ್ಕೊಮ್ಮೆ ಪಾಸ್‌ಬುಕ್ಕಿನ ಪ್ರತಿ ತೆಗೆದು ಊರಿನ ಮನೆಗೊಂದು ಕಳಿಸಿರಿ. ಪಗಾರದ ಚೀಟಿಯನ್ನು ಎಸೆಯಬೇಡಿರಿ. ಒಂದು ಪ್ರತಿ ಕಚೇರಿಯಲ್ಲಿ, ಒಂದು ಖೋಲಿಯಲ್ಲಿ, ಒಂದು ಊರಿನಲ್ಲಿ ಇದ್ದರೆ ನೀವೂ 3-2-1ರ ಸೂತ್ರ ಪಾಲಿಸಿದಂತಾಯಿತು. ಮುಂದಿನ ಭಾನುವಾರ ಒಂದು ಗಳಿಗೆ ಬಿಡುವು ಮಾಡಿಕೊಂಡು ಆ ಕಾಗದಗಳನ್ನು ಹೊರತೆಗೆದು, ಅಕ್ಷರ ಓದಲು ಬರುತ್ತದೆಯೇ ಎಂದು ನೋಡಿರಿ.