ಟೋಕಿಯೋಗೆ ಹೋಗಿಬಂದ ಗಡಿಯಾರ

ಮಕ್ಕಳೇ, ಲಿನಕ್ಸ್ ಇರುವ ಕಂಪ್ಯೂಟರ್ ಸಿಕ್ಕರೆ ಅದರಲ್ಲಿ ‘ಟರ್ಮಿನಲ್’ ಎಂಬ ಕಿಟಕಿ ತೆರೆದು ನೋಡಿ. ಚಿತ್ರವಿಲ್ಲ, ಬಟನ್ ಇಲ್ಲ. ಮಿನುಗುವ ಪುಟ್ಟ ಗುರುತೊಂದು ನಿಮ್ಮ ಮಾತಿಗೆ ಕಾಯುತ್ತಿರುತ್ತದೆ. ನೀವು ಟೈಪ್ ಮಾಡಿದ್ದನ್ನು ಓದಿ ಕೆಲಸ ಮಾಡಿಸುವ ಪ್ರೋಗ್ರಾಮಿಗೆ ಶೆಲ್ ಎನ್ನುತ್ತಾರೆ. ಲಿನಕ್ಸಿನಲ್ಲಿ ಹೆಚ್ಚಾಗಿ ಕಾಣುವ ಶೆಲ್ ‘ಬ್ಯಾಷ್’. ಬ್ರಯಾನ್ ಫಾಕ್ಸ್ ಬರೆದ ಅದು 1989ರಲ್ಲಿ ಹೊರಬಂತು.

‘ಡೇಟ್’ ಎಂದು ಇಂಗ್ಲಿಷ್ ಸಣ್ಣಕ್ಷರದಲ್ಲಿ ಬರೆದು ಎಂಟರ್ ಒತ್ತಿ. ನಮ್ಮ ಸಮಯ ಬರುತ್ತದೆ. ಈಗ ‘ಟಿಜೆಡ್=ಏಷ್ಯಾ/ಟೋಕಿಯೋ ಡೇಟ್’ ಎಂದು ಬರೆಯಿರಿ. ಟಿ, ಜೆಡ್ ಎರಡೂ ದೊಡ್ಡಕ್ಷರ, ಏಷ್ಯಾ, ಟೋಕಿಯೋಗಳ ಮೊದಲಕ್ಷರವೂ ದೊಡ್ಡದು, ಸಮ ಚಿಹ್ನೆಯ ಆಚೀಚೆ ಜಾಗ ಬಿಡಬೇಡಿ. ಗಡಿಯಾರ ಮೂರೂವರೆ ಗಂಟೆ ಮುಂದಕ್ಕೆ ಹಾರುತ್ತದೆ! (ಊರಿನ ಹೆಸರು ತಪ್ಪಾದರೆ ಶೆಲ್ ಗದರುವುದಿಲ್ಲ, ಸದ್ದಿಲ್ಲದೆ ಗ್ರೀನ್‌ವಿಚ್ಚಿನ ಲೆಕ್ಕದ ಸಮಯ ತೋರಿಸುತ್ತದೆ. ಕಂಪ್ಯೂಟರಿಗೆ ಗೊತ್ತಿರುವ ಊರುಗಳ ಪಟ್ಟಿಯಲ್ಲಿ ಬೆಂಗಳೂರನ್ನು ಹುಡುಕಬೇಡಿ. ಇಡೀ ಭಾರತಕ್ಕೆ ಏಷ್ಯಾ/ಕೋಲ್ಕತಾ.)

ಮತ್ತೆ ಬರೀ ‘ಡೇಟ್’ ಬರೆಯಿರಿ. ಅರೆ, ನಮ್ಮ ಸಮಯವೇ! ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದವರು ಯಾರು?

ಯಾರೂ ಅಲ್ಲ. ಶೆಲ್ಲಿನ ಸೆಟ್ಟಿಂಗ್ ಬದಲಾಗಿಯೇ ಇರಲಿಲ್ಲ. ಒಂದು ಪ್ರೋಗ್ರಾಮನ್ನು ಓಡಿಸುವಾಗ ಶೆಲ್ ತನ್ನದೇ ಒಂದು ಪ್ರತಿಯನ್ನು ಹುಟ್ಟಿಸುತ್ತದೆ. ಆ ಪ್ರತಿಯೇ ‘ಡೇಟ್’ ಆಗಿ ಮಾರ್ಪಟ್ಟು, ಸಮಯ ಹೇಳಿ, ಇಲ್ಲವಾಗುತ್ತದೆ. ಟೋಕಿಯೋ ಎಂಬ ಬದಲಾವಣೆ ತಲುಪಿದ್ದು ಆ ಪ್ರತಿಗೆ ಮಾತ್ರ. ಅಕ್ಕನ ನೋಟ್‌ಬುಕ್ಕನ್ನು ಜೆರಾಕ್ಸ್ ಮಾಡಿಸಿ, ಜೆರಾಕ್ಸಿನ ಮೇಲೆ ಮೀಸೆ ಬರೆದರೆ ಅಕ್ಕನಿಗೇನು ನಷ್ಟ?

ಹಲವು ಆಜ್ಞೆಗಳಿಗೆ ಇದೇ ಉಪಾಯ ಬೇಕಾದರೆ ಅವನ್ನೆಲ್ಲ ದುಂಡು ಆವರಣದೊಳಗೆ ಬರೆದರಾಯಿತು. ಒಳಗೆ ಸೆಟ್ಟಿಂಗ್ ಬದಲಿಸಿ, ಬೇರೆ ಫೋಲ್ಡರಿಗೆ ಹೋಗಿ. ಆವರಣ ಮುಗಿದಾಗ ನೀವು ಮೊದಲಿದ್ದಲ್ಲೇ ಇರುತ್ತೀರಿ. ಬದಲಿಸಿ ನೆನಪಿಟ್ಟು ಸರಿಪಡಿಸುವುದಕ್ಕಿಂತ ಈ ದಾರಿ ನನಗೆ ಹೆಚ್ಚು ಇಷ್ಟ. ಇದರಲ್ಲಿ ಮರೆಯಲು ಏನೂ ಇಲ್ಲವಲ್ಲ!

ಆದರೆ ಎಲ್ಲದಕ್ಕೂ ಪ್ರತಿ ಸಿಗುವುದಿಲ್ಲ. ಗುಪ್ತಪದ ಟೈಪ್ ಮಾಡುವಾಗ ಅಕ್ಷರಗಳು ಪರದೆಯ ಮೇಲೆ ಕಾಣದೆ ಇರುವುದನ್ನು ನೋಡಿದ್ದೀರಾ? ‘ಎಸ್‌ಟಿಟಿವೈ -ಎಕೋ’ ಎಂದರೆ ಹಾಗೆ ಆಗುತ್ತದೆ. ಇದು ಶೆಲ್ಲಿನ ಸೆಟ್ಟಿಂಗ್ ಅಲ್ಲ, ಟರ್ಮಿನಲ್ಲಿನದು. ಶೆಲ್ಲಿಗೂ ಅದರ ಪ್ರತಿಗಳಿಗೂ ಟರ್ಮಿನಲ್ ಒಂದೇ. ಆವರಣದೊಳಗೆ ಕೂತು ಬದಲಿಸಿದರೂ ಹೊರಗೆ ಬಂದಾಗ ಅಕ್ಷರಗಳು ಕಾಣುವುದಿಲ್ಲ.

ಇಲ್ಲಿ ಹಳೆಯದನ್ನು ಬರೆದಿಟ್ಟುಕೊಳ್ಳಲೇಬೇಕು. ‘ಎಸ್‌ಟಿಟಿವೈ -ಜಿ’ ಎಂದರೆ ಟರ್ಮಿನಲ್ಲಿನ ಈಗಿನ ಸೆಟ್ಟಿಂಗುಗಳೆಲ್ಲ ಒಂದೇ ಉದ್ದ ಸಾಲಾಗಿ ಬರುತ್ತವೆ. ನೋಡಲು ಅರ್ಥವಿಲ್ಲದ ಅಂಕಿ-ಅಕ್ಷರಗಳ ಸರಮಾಲೆ. ಕೆಲಸ ಮುಗಿದ ಮೇಲೆ ಅದೇ ಸಾಲನ್ನು ‘ಎಸ್‌ಟಿಟಿವೈ’ಗೆ ಮರಳಿ ಕೊಟ್ಟರೆ ಎಲ್ಲವೂ ಮೊದಲಿನಂತೆ. ಸುಮ್ಮನೆ ‘ಅಕ್ಷರ ತೋರಿಸು’ ಎಂದರೆ ಸಾಲದೇ? ಸಾಲದು. ಮೊದಲೇ ಬೇರೆ ಯಾರೋ ಬೇಕೆಂದೇ ಅಡಗಿಸಿದ್ದಿರಬಹುದು. ಹಾಗಾಗಿ ಹೇಗಿತ್ತೋ ಹಾಗೆಯೇ ಮರಳಿಸಬೇಕು.

ಇನ್ನೊಂದು ತೊಂದರೆಯಿದೆ. ನಡುವೆಯೇ ಯಾರಾದರೂ ಕಂಟ್ರೋಲ್-ಸಿ ಒತ್ತಿ ಪ್ರೋಗ್ರಾಮನ್ನು ನಿಲ್ಲಿಸಿದರೆ ಮರಳಿಸುವ ಸಾಲು ಓಡುವುದೇ ಇಲ್ಲ. ಅದಕ್ಕೇ ಅನುಭವಸ್ಥರು ‘ಟ್ರ್ಯಾಪ್’ ಎಂಬ ಆಜ್ಞೆಯಿಂದ ಮೊದಲೇ ಹೇಳಿಡುತ್ತಾರೆ: ನಾನು ಹೇಗೇ ನಿಂತರೂ, ಹೊರಡುವ ಮುನ್ನ ಇದನ್ನು ಮಾಡು.

ನೀವೂ ಪ್ರಯೋಗ ಮಾಡಿ. ಅಕ್ಷರಗಳು ಮಾಯವಾದರೆ ಹೆದರಬೇಡಿ, ಕಾಣದಿದ್ದರೂ ‘ಎಸ್‌ಟಿಟಿವೈ ಸೇನ್’ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಅದಕ್ಕೂ ಬಗ್ಗದಿದ್ದರೆ ಕಿಟಕಿ ಮುಚ್ಚಿ ಹೊಸದನ್ನು ತೆರೆಯಿರಿ. ಹೊಸ ಕಿಟಕಿಗೆ ಅದರದೇ ಹೊಸ ಟರ್ಮಿನಲ್ ಇರುತ್ತದೆ.