ಅಪ್ಪಯ್ಯನವರ ಸೈಕಲ್ಲು

ಕೊಪ್ಪ ಪೇಟೆಗೆ ಸಮೀಪದ ಬಾಳಗಡಿಯಲ್ಲಿರುವ ನಮ್ಮ ಮನೆಯ ಜಗಲಿಯ ಮೂಲೆಯಲ್ಲಿ ಹಳೆಯದೊಂದು ಸೈಕಲ್ಲು ನಿಂತಿದೆ. ಅದನ್ನು ಕುರಿತು ಈ ಹೊತ್ತು ನಾಲ್ಕು ಮಾತು ಆಡಬೇಕೆಂದಿದ್ದೇನೆ. ಮೂವತ್ತಾರು ವರ್ಷ ಕಾಲೇಜಿನಲ್ಲಿ ಪಂಪನನ್ನೂ ಕುಮಾರವ್ಯಾಸನನ್ನೂ ಪಾಠ ಹೇಳಿದವನು, ಆಕಾಶವಾಣಿಯವರು ಕರೆದು ಕೂರಿಸಿದಾಗ ಒಂದು ಹಳೆಯ ಸೈಕಲ್ಲಿನ ಪುರಾಣ ತೆಗೆಯುವುದೇ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸೀತು. ಅನ್ನಿಸಿದರೆ ತಪ್ಪಿಲ್ಲ. ನನ್ನ ಮನೆಯವರಿಗೂ ಹಾಗೆಯೇ ಅನ್ನಿಸಿದೆ. ಆದರೆ ಮನುಷ್ಯನಿಗೆ ಕೆಲವು ಮಾತುಗಳನ್ನು ಆಡಬೇಕಾದವರ ಮುಂದೆ ಆಡಲಾಗದೆ, ಕೊನೆಗೆ ಕಾಣದವರ ಮುಂದೆ ಆಡಿ ಹಗುರಾಗುವ ಪ್ರಸಂಗ ಬರುವುದುಂಟು. ಇದು ಅಂಥದೊಂದು ಮಾತು.

ಸೈಕಲ್ಲು ನನ್ನ ತಂದೆಯವರದು. ನಮ್ಮ ಕಡೆಯ ರೂಢಿಯಂತೆ ನಾವು ಅವರನ್ನು ಅಪ್ಪಯ್ಯ ಎನ್ನುತ್ತಿದ್ದೆವು. ಊರಿನವರಿಗೆ ಅವರು ಮೇಷ್ಟ್ರು. ಹರಿಹರಪುರದ ದಾರಿಯಲ್ಲಿ ಸಿಗುವ ಒಂದು ಸಣ್ಣ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಅವರಿಗೆ ಕೆಲಸ. ಮನೆಯಿಂದ ಶಾಲೆಗೆ ಐದು ಮೈಲಿ. ನಾನು ಹುಟ್ಟುವುದಕ್ಕೆ ಒಂದು ವರ್ಷ ಮೊದಲು, 1959ರಲ್ಲಿ, ಎರಡು ತಿಂಗಳ ಸಂಬಳಕ್ಕೂ ಮಿಕ್ಕ ಹಣ ಕೊಟ್ಟು, ಶಿವಮೊಗ್ಗದಿಂದ ಬಸ್ಸಿನ ಮೇಲೆ ಹಾಕಿಸಿಕೊಂಡು ಅದನ್ನು ತಂದರಂತೆ. ಹರ್ಕ್ಯುಲಿಸ್ ಎಂಬ ಹೆಸರಿನದು. ಮದರಾಸಿನ ಅಂಬತ್ತೂರಿನಲ್ಲಿ ಇಂಗ್ಲೆಂಡಿನ ಕಂಪೆನಿಯೊಂದರ ಸಹಯೋಗದಿಂದ 1949ರಲ್ಲಿ ಸ್ಥಾಪನೆಯಾದ ಟಿ.ಐ. ಸೈಕಲ್ಸ್ ಕಾರ್ಖಾನೆಯ ತಯಾರಿಕೆ. ಹರ್ಕ್ಯುಲಿಸ್ ಎಂದರೆ ಯಾರು ಎಂದು ಶಾಲೆಯ ಹುಡುಗರು ಕೇಳಿದರೆ, "ಗ್ರೀಕರ ಭೀಮಸೇನ" ಎಂದು ಅಪ್ಪಯ್ಯ ಉತ್ತರ ಕೊಡುತ್ತಿದ್ದರು. ಅಂದಿನಿಂದ ಹುಡುಗರ ಬಾಯಲ್ಲಿ ಅದಕ್ಕೆ ಭೀಮಸೇನ ಎಂಬ ಹೆಸರೇ ನಿಂತಿತು.

ಹೆಸರಿಗೆ ತಕ್ಕ ಮೈಕಟ್ಟು. 28 ಅಂಗುಲದ ಗಾಲಿಗಳು. ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಸವಾರನ ಭಾರವೂ ಕ್ಯಾರಿಯರಿನ ಹೊರೆಯೂ ಹೆಚ್ಚಾಗಿ ಹಿಂದಿನ ಗಾಲಿಯ ಮೇಲೆ ಬೀಳುವುದರಿಂದ ಅಲ್ಲಿ ಎಂಟು ಕಡ್ಡಿ ಹೆಚ್ಚು. ಈಗಿನಂತೆ ತಂತಿಯ ಬ್ರೇಕಲ್ಲ, ಉಕ್ಕಿನ ಕಂಬಿಯ ಬ್ರೇಕು. ಬಯಲುಸೀಮೆಯ ಸಮನೆಲಕ್ಕೆ ಹೇಳಿ ಮಾಡಿಸಿದ ವಾಹನ. ಅದನ್ನು ತಂದು ನಮ್ಮ ಮಲೆನಾಡಿನಲ್ಲಿ ಓಡಿಸುವುದೆಂದರೆ ಅದೊಂದು ಬೇರೆಯೇ ವ್ಯವಹಾರ. ಇಲ್ಲಿ ಒಂದು ಫರ್ಲಾಂಗು ಸಮವಾದ ರಸ್ತೆ ಸಿಕ್ಕಿದರೆ ಪುಣ್ಯ. ಇಳಿಜಾರಿನಲ್ಲಿ ಸೈಕಲ್ಲು ನಮ್ಮನ್ನು ಒಯ್ಯುತ್ತದೆ. ಏರಿನಲ್ಲಿ ನಾವು ಸೈಕಲ್ಲನ್ನು ಒಯ್ಯಬೇಕು. ಅಪ್ಪಯ್ಯನವರ ಐದು ಮೈಲಿಯಲ್ಲಿ ಎರಡು ಮೈಲಿಯಷ್ಟು ತಳ್ಳುವ ದಾರಿಯೇ ಆಗಿತ್ತು. ಅದಕ್ಕಾಗಿ ಅವರು ಗೊಣಗಿದ್ದನ್ನು ನಾನು ಕೇಳಲಿಲ್ಲ. "ಅರ್ಧ ದಾರಿ ಅದರ ಋಣ, ಅರ್ಧ ದಾರಿ ನನ್ನ ಋಣ" ಎನ್ನುತ್ತಿದ್ದರು.

ಇನ್ನು ನಮ್ಮ ಮಳೆ. ಜೂನ್ ತಿಂಗಳಲ್ಲಿ ಹಿಡಿದರೆ ಸೆಪ್ಟೆಂಬರಿನವರೆಗೂ ಬಿಡದ ಮಳೆ. ಒದ್ದೆಯಾದ ರಿಮ್ಮಿನ ಮೇಲೆ ಬ್ರೇಕಿನ ರಬ್ಬರು ಜಾರುತ್ತದೆ. ಇಳಿಜಾರಿನಲ್ಲಿ ಕಾಲನ್ನು ನೆಲಕ್ಕೆ ಊರಿಯೇ ಗಾಡಿ ನಿಲ್ಲಿಸಬೇಕು. ಒಂದು ಕೈಯಲ್ಲಿ ಕೊಡೆ ಹಿಡಿದು ಸವಾರಿ ಮಾಡುವ ಗಾಳಿಯಲ್ಲ ನಮ್ಮದು. ಅಪ್ಪಯ್ಯ ಕಂಬಳಿಕೊಪ್ಪೆ ಹಾಕಿಕೊಂಡು, ಹುಡುಗರ ಹಾಜರಿ ಪುಸ್ತಕವನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಕ್ಯಾರಿಯರಿಗೆ ಕಟ್ಟಿ ಹೊರಡುತ್ತಿದ್ದರು. ಚರ್ಮದ ಸೀಟು ನೆನೆದು ಹಾಳಾಗದಂತೆ ಅದಕ್ಕೊಂದು ಅಡಿಕೆ ಹಾಳೆಯ ಟೊಪ್ಪಿ ಮಾಡಿ ತೊಡಿಸಿದ್ದರು. ಸಂಜೆ ಮನೆಗೆ ಬಂದು, ಮೊದಲು ಸೈಕಲ್ಲನ್ನು ಒಣಬಟ್ಟೆಯಲ್ಲಿ ಒರೆಸಿ, ಚೈನಿಗೆ ಎರಡು ತೊಟ್ಟು ಎಣ್ಣೆ ಬಿಟ್ಟು, ಆಮೇಲೆ ತಮ್ಮ ತಲೆ ಒರೆಸಿಕೊಳ್ಳುತ್ತಿದ್ದರು. ಅಮ್ಮನಿಗೆ ಇದೊಂದು ನಿತ್ಯದ ಜಗಳದ ವಿಷಯ.

ಈ ಸೀಮೆಗೆ ಸೈಕಲ್ಲು ಕಾಲಿಟ್ಟ ಸಂಭ್ರಮವನ್ನು ಕನ್ನಡದಲ್ಲಿ ಚಿತ್ರಿಸಿದವರು ನಮ್ಮವರೇ. ಕುವೆಂಪು ಹುಟ್ಟಿದ್ದು 1904ರಲ್ಲಿ, ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. 1967ರಲ್ಲಿ ಪ್ರಕಟವಾದ ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿಗೆ ಒಂದು ಬೈಸಿಕಲ್ಲು ಬರುತ್ತದೆ. ಆ ಶಬ್ದವನ್ನು ಎಂದೂ ಕೇಳದ ಹಳ್ಳಿಯ ಜನ ಅದನ್ನು 'ಬೀಸೆಕಲ್ಲು' ಎನ್ನುತ್ತಾರೆ. ತರಗತಿಯಲ್ಲಿ ಈ ಭಾಗ ಬಂದಾಗಲೆಲ್ಲ ಹುಡುಗರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ನನಗೆ ಅದು ಬರಿಯ ನಗೆಯ ಮಾತೆಂದು ತೋರಿಲ್ಲ. ಬೀಸುವ ಕಲ್ಲು ಇದ್ದಲ್ಲೇ ಸುತ್ತುತ್ತ ಒಂದು ಮನೆಯ ಹೊಟ್ಟೆ ಹೊರೆಯುವ ವಸ್ತು. ಅಪ್ಪಯ್ಯನವರ ಸೈಕಲ್ಲು ಮಾಡಿದ್ದೂ ಅದೇ ಕೆಲಸವನ್ನು. ಹಿಟ್ಟು ನಮ್ಮ ಪಾಲಿಗೆ ಬಂತು; ಸವೆದದ್ದು ಕಲ್ಲು.

ಸೈಕಲ್ಲಿನ ಚರಿತ್ರೆಯಲ್ಲಿಯೂ ಒಬ್ಬ ತಂದೆ ಇದ್ದಾನೆ. ಎರಡು ಸಮಗಾಲಿಗಳ, ಹಿಂದಿನ ಗಾಲಿಗೆ ಚೈನು ಜೋಡಿಸಿದ ಈಗಿನ ರೂಪವನ್ನು ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಸ್ಟಾರ್ಲಿ ಎಂಬಾತ 1885ರಲ್ಲಿ ರೂಪಿಸಿದ. ಆದರೆ ಅದರ ಗಾಲಿಗೆ ಗಟ್ಟಿ ರಬ್ಬರಿನ ಪಟ್ಟಿ. ಕೂತವನ ಮೈಮೂಳೆಗಳೆಲ್ಲ ಅಲುಗುತ್ತಿದ್ದವು. ಬೆಲ್‌ಫಾಸ್ಟಿನಲ್ಲಿ ಡನ್‌ಲಪ್ ಎಂಬ ಪಶುವೈದ್ಯ ತನ್ನ ಪುಟ್ಟ ಮಗನ ಮೂರುಗಾಲಿಯ ಬಂಡಿ ಕುಲುಕದಿರಲೆಂದು ರಬ್ಬರಿನ ಕೊಳವೆಗೆ ಗಾಳಿ ತುಂಬಿ ಗಾಲಿಗೆ ಸುತ್ತಿದ. 1888ರಲ್ಲಿ ಅದಕ್ಕೆ ಹಕ್ಕುಪತ್ರವನ್ನೂ ಪಡೆದ. ಜಗತ್ತೆಲ್ಲ ಇಂದು ಗಾಳಿಯ ಮೇಲೆ ಓಡುತ್ತಿರುವುದು ಒಬ್ಬ ತಂದೆಗೆ ಮಗನ ಮೇಲಿದ್ದ ಕಾಳಜಿಯಿಂದ. ಮಗನ ದಾರಿ ನುಣುಪಾಗಲೆಂದು ತಂದೆಯಾದವನು ಏನೆಲ್ಲ ಮಾಡುತ್ತಾನೆಂಬುದು ಮಗನಿಗೆ ತಿಳಿಯುವುದು ಮಾತ್ರ ತಡವಾಗಿ.

ನನಗೆ ತಿಳಿದದ್ದು 1982ರ ದೀಪಾವಳಿಯಲ್ಲಿ. ಕುವೆಂಪು ವಿಶ್ವವಿದ್ಯಾನಿಲಯ ಇನ್ನೂ ಹುಟ್ಟಿರಲಿಲ್ಲ, ಅದು ಬಂದದ್ದು 1987ರಲ್ಲಿ, ಕನ್ನಡ ಎಂ.ಎ. ಓದಬೇಕೆಂದರೆ ನಮ್ಮ ಕಡೆಯವರು ಮೈಸೂರಿಗೆ ಹೋಗುತ್ತಿದ್ದರು. ನಾನು ಮಾನಸಗಂಗೋತ್ರಿಯಲ್ಲಿ ಎರಡನೆಯ ವರ್ಷದಲ್ಲಿದ್ದೆ. ಆ ಆಗಸ್ಟಿನಲ್ಲಿ ಸಹಪಾಠಿಗಳು ಸೇರಿ ಹಂಪೆಗೆ ಪ್ರವಾಸ ಹೊರಡುವುದೆಂದು ಗೊತ್ತಾಯಿತು. ಹೋಗಲೇಬೇಕೆಂಬ ಕಡ್ಡಾಯವಿರಲಿಲ್ಲ. ಆದರೂ ಎಲ್ಲರೂ ಹೊರಟಾಗ ನಾನೊಬ್ಬ ಉಳಿಯುವುದು ಹೇಗೆಂದು, ಹಾಸ್ಟೆಲಿನ ಬಾಕಿಯನ್ನೂ ಅದಕ್ಕೆ ಸೇರಿಸಿ, ಇನ್ನೂರು ರೂಪಾಯಿ ಬೇಕೆಂದು ಅಪ್ಪಯ್ಯನವರಿಗೆ ಕಾಗದ ಬರೆದೆ. ವಾರದೊಳಗೆ ಮನಿಯಾರ್ಡರು ಬಂತು. ಹಿಂದೆಯೇ ಒಂದು ಇನ್‌ಲ್ಯಾಂಡ್ ಪತ್ರ. ಹಂಪೆಯಲ್ಲಿ ಏನೇನು ನೋಡಬೇಕು ಎಂಬ ಪಟ್ಟಿಯ ಕೊನೆಗೆ ಒಂದು ಸಾಲು: ಸೈಕಲ್ಲು ರಿಪೇರಿಗೆ ಬಿಟ್ಟಿದೆ, ಸದ್ಯ ನಡೆದು ಹೋಗುತ್ತಿದ್ದೇನೆ, ಆರೋಗ್ಯಕ್ಕೂ ಒಳ್ಳೆಯದು. ನಾನು ಆ ಸಾಲನ್ನು ಓದಿ ಮರೆತೆ.

ದೀಪಾವಳಿಗೆ ಊರಿಗೆ ಬಂದಾಗ ಜಗಲಿಯ ಮೂಲೆ ಬರಿದಾಗಿತ್ತು. ಗೋಡೆಯ ಮೊಳೆಗೆ ಗಾಳಿ ಹೊಡೆಯುವ ಪಂಪು ಮಾತ್ರ ತೂಗುತ್ತಿತ್ತು. ಇಷ್ಟು ದಿನ ಎಂಥ ರಿಪೇರಿ ಎಂದುಕೊಂಡು, ನಾನೇ ತಂದುಬಿಡೋಣವೆಂದು ಕೊಪ್ಪದ ಸೈಕಲ್ ಅಂಗಡಿಗೆ ಹೋದೆ. ಅಂಗಡಿಯ ಸಾಹೇಬರು ಅಪ್ಪಯ್ಯನವರಿಗಿಂತ ಹಿರಿಯರು. ನನ್ನನ್ನು ಒಳಪೆಡಲು ತುಳಿಯುವ ವಯಸ್ಸಿನಿಂದ ಬಲ್ಲವರು. ನನ್ನನ್ನು ಕಂಡವರೇ, "ದುಡ್ಡು ತಂದೆಯೇನಪ್ಪಾ? ಮೇಷ್ಟ್ರು ಅಡಿಕೆ ಮಾರಿದ ಮೇಲೆ ಬಿಡಿಸಿಕೊಳ್ತೀನಿ ಅಂದಿದ್ದರಲ್ಲ" ಎಂದರು. ನನಗೆ ಅರ್ಥವಾಗಲಿಲ್ಲ. "ಗಾಡಿಗೆ ಏನಾಗಿತ್ತು ಸಾಹೇಬರೇ?" ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಬಾಯಿತಪ್ಪಿದ್ದು ಅವರಿಗೆ ಆಗ ಹೊಳೆಯಿತೆಂದು ಕಾಣುತ್ತದೆ. "ಗಾಡಿಗೆ ಏನೂ ಆಗಿಲ್ಲ ಕಣಪ್ಪ" ಎಂದು ತಗ್ಗಿದ ದನಿಯಲ್ಲಿ ಹೇಳಿದರು.

ಅಡವಿಟ್ಟ ಸೈಕಲ್ಲು ಅಂಗಡಿಯ ಒಳಕೋಣೆಯಲ್ಲಿತ್ತು. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಬಿಡುವ ಸೈಕಲ್ಲುಗಳೆಲ್ಲ ಹೊರಗೆ ಸಾಲಾಗಿ ನಿಂತಿದ್ದವು. ಇದನ್ನು ಮಾತ್ರ ಗೋಣಿತಾಟು ಹಾಸಿ ಒಳಗೆ ನಿಲ್ಲಿಸಿದ್ದರು. ಹ್ಯಾಂಡಲ್ಲಿಗೆ ಬಾಡಿದ ಚೆಂಡುಹೂವಿನ ಮಾಲೆ. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು, "ಆಯುಧಪೂಜೆ ದಿವಸ ಹಾಕಿದ್ದು. ಮೇಷ್ಟ್ರ ಗಾಡಿ ಅವತ್ತು ಬೋಳಾಗಿ ನಿಲ್ಲಬಾರದು" ಎಂದರು. ವಾರಕ್ಕೊಮ್ಮೆ ಎಣ್ಣೆ ಬಿಟ್ಟು ಗಾಲಿ ತಿರುಗಿಸುತ್ತಿದ್ದರಂತೆ. ಅಡವು ಬೇಡ, ಸುಮ್ಮನೆ ಹಣ ಒಯ್ಯಿರೆಂದು ಅವರು ಎಷ್ಟು ಹೇಳಿದರೂ ಅಪ್ಪಯ್ಯ ಕೇಳಲಿಲ್ಲವಂತೆ. "ನಾನು ಹೇಳಿದೆ ಅಂತ ಮನೆಯಲ್ಲಿ ಆಡಬೇಡ" ಎಂದು ನನ್ನಿಂದ ಮಾತು ತೆಗೆದುಕೊಂಡು ಕಳಿಸಿದರು.

ಆ ಸಂಜೆ ಅಪ್ಪಯ್ಯ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಮಳೆಗಾಲವೆಲ್ಲ ನಡೆದ ಕಾಲು. ಇಂಬಳ ಕಚ್ಚಿದ ಕಲೆಗಳು ಮೊಣಕಾಲಿನವರೆಗೂ ಇದ್ದವು. ಮಾತು ನನ್ನ ಗಂಟಲಿನವರೆಗೆ ಬಂದಿತ್ತು. ಅಷ್ಟರಲ್ಲಿ ಅವರೇ, "ಹಂಪೆ ನೋಡಿದೆಯಲ್ಲ, ಹೇಗಿತ್ತು ಹೇಳು" ಎಂದರು. ಕೇಳುಗರೇ, ಅಪ್ಪಯ್ಯನವರು ಹಂಪೆಯನ್ನು ಕಂಡವರಲ್ಲ. ಇಪ್ಪತ್ತೈದು ವರ್ಷ ಮಕ್ಕಳಿಗೆ ವಿಜಯನಗರದ ಪಾಠ ಮಾಡಿದ್ದರು. ತುಂಗಭದ್ರೆಯ ತೀರ, ವಿಠ್ಠಲ ದೇವಾಲಯ, ಕಲ್ಲಿನ ರಥ ಎಲ್ಲವನ್ನೂ ಪುಸ್ತಕದಿಂದಲೇ ವರ್ಣಿಸಿದ್ದರು. ನಾನು ಒಂದು ಗಂಟೆ ಹೇಳಿದೆ. ರಥದ ಗಾಲಿಗಳು ಹಿಂದೆ ತಿರುಗುತ್ತಿದ್ದವಂತೆ, ಈಗ ತಿರುಗದಂತೆ ಮಾಡಿದ್ದಾರೆ ಎಂದಾಗ, "ಹೌದೇ!" ಎಂದು ಚಿಕ್ಕ ಹುಡುಗನಂತೆ ಮುಂದೆ ಬಾಗಿದರು. ನನ್ನ ಮನಸ್ಸಿನಲ್ಲಿ ತಿರುಗುತ್ತಿದ್ದುದು ಬೇರೆ ಗಾಲಿ. ಆ ಹೊತ್ತಿನ ಅವರ ಸಂತೋಷವನ್ನು ಕೆಡಿಸುವ ಧೈರ್ಯ ನನಗಾಗಲಿಲ್ಲ.

ಆ ವರ್ಷದ ಅಡಿಕೆ ಮಾರಿ ಅಪ್ಪಯ್ಯ ಸೈಕಲ್ಲು ಬಿಡಿಸಿಕೊಂಡರು. ರಿಪೇರಿ ಮುಗಿಯಿತು ಎಂದು ನನಗೆ ಬರೆದರು. 1984ರಲ್ಲಿ ನನಗೆ ಕೆಲಸ ಸಿಕ್ಕಿತು. ಅವರನ್ನು ಹಂಪೆಗೆ ಕರೆದುಕೊಂಡು ಹೋಗಬೇಕೆಂದು ಪ್ರತಿವರ್ಷವೂ ಅಂದುಕೊಳ್ಳುತ್ತಿದ್ದೆ. ಒಂದು ವರ್ಷ ಮೌಲ್ಯಮಾಪನ, ಒಂದು ವರ್ಷ ಮನೆ ಕಟ್ಟುವ ಕೆಲಸ, ಒಂದು ವರ್ಷ ಮಗುವಿನ ಜ್ವರ. ಮುಂದಿನ ರಜೆಗೆ, ಮುಂದಿನ ರಜೆಗೆ ಎನ್ನುತ್ತಿದ್ದಂತೆಯೇ 1998ರ ಮಳೆಗಾಲದಲ್ಲಿ ಅವರು ತೀರಿಕೊಂಡರು. ಸಾಹೇಬರು ಅದಕ್ಕೂ ಮೊದಲೇ ಹೋಗಿದ್ದರು. ಆ ಇನ್ನೂರು ರೂಪಾಯಿಯ ಮಾತು ನನ್ನೊಬ್ಬನಲ್ಲಿ ಉಳಿಯಿತು.

ಈ ನಡುವೆ ಲೋಕ ಬಹಳ ದೂರ ಬಂದಿದೆ. ನಮ್ಮ ಕೊಪ್ಪದಲ್ಲಿ ಕಾರ್ಮಿಕರೇ ಕೂಡಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳು ಹಳ್ಳಿ ಹಳ್ಳಿಗೂ ಓಡಿದವು. 2020ರಲ್ಲಿ ಅವೂ ನಿಂತವು. ಅದೇ ವರ್ಷ ಜೂನ್ 3ರಂದು, ವಿಶ್ವಸಂಸ್ಥೆ ಸೈಕಲ್ ದಿನವೆಂದು ಗೊತ್ತುಮಾಡಿದ ದಿನವೇ, ಅಟ್ಲಾಸ್ ಸೈಕಲ್ಲಿನ ಸಾಹಿಬಾಬಾದ್ ಕಾರ್ಖಾನೆ ಬಾಗಿಲು ಹಾಕಿತು. ಈಗ ಮನೆಮನೆಗೂ ಮೋಟಾರು ಬೈಕು. ನಮ್ಮ ಸೈಕಲ್ಲನ್ನು ಗುಜರಿಯವನು ಕಿಲೋ ಲೆಕ್ಕದಲ್ಲಿ ಕೇಳಿಹೋದ. ಹೋಂಸ್ಟೇ ನಡೆಸುವ ಪರಿಚಿತರೊಬ್ಬರು ಒಳ್ಳೆಯ ಬೆಲೆಯನ್ನೇ ಹೇಳಿದರು. ಹಳದಿ ಬಣ್ಣ ಬಳಿದು, ಕ್ಯಾರಿಯರಿನಲ್ಲಿ ಹೂವಿನ ಕುಂಡ ಇಟ್ಟು, ಗೇಟಿನ ಬಳಿ ನಿಲ್ಲಿಸುತ್ತಾರಂತೆ. ಅವರ ಮಾತಿನಲ್ಲಿ ಅಗೌರವವೇನೂ ಇರಲಿಲ್ಲ. ಆದರೂ ದುಡಿದ ಎತ್ತಿಗೆ ಬಣ್ಣ ಬಳಿದು ಬಾಗಿಲಲ್ಲಿ ಕಟ್ಟಿದಂತಾದೀತೆಂದು ಕೊಡಲಿಲ್ಲ. ಬೆಂಗಳೂರಿನ ನನ್ನ ಮಗ, "ಅಪ್ಪ, ನಿಮಗೆ ಇದರ ಮೇಲೆ ವಿಪರೀತ ಮಮತೆ" ಎಂದು ನಗುತ್ತಾನೆ.

ಮಮತೆ ಎಂಬ ಶಬ್ದವನ್ನು ನಾನು ಎಷ್ಟೋ ಸಲ ಬಿಡಿಸಿ ಹೇಳಿಕೊಟ್ಟಿದ್ದೇನೆ. 'ಮಮ' ಎಂದರೆ ನನ್ನದು. ನನ್ನದು ಎಂಬ ಭಾವವೇ ಮಮತೆ. ಹಾಗೆ ನೋಡಿದರೆ ಈ ಸೈಕಲ್ಲಿನ ಮೇಲೆ ನನಗಿರುವುದು ಮಮತೆಯಲ್ಲ. ಅದು ನನ್ನದೆಂದು ನನಗೆ ಒಂದು ದಿನವೂ ಅನ್ನಿಸಿಲ್ಲ. ಅಪ್ಪಯ್ಯ ಹೇಳುತ್ತಿದ್ದ ಋಣವೆಂಬ ಮಾತೇ ಇದಕ್ಕೆ ಹೆಚ್ಚು ಹೊಂದುತ್ತದೆ. ತೀರಿಸಬೇಕಾದವರು ಇಲ್ಲವಾದ ಮೇಲೂ ಸಾಲ ಇದ್ದೇ ಇರುತ್ತದೆ. ಅದರ ಪತ್ರವನ್ನು ಹರಿದುಹಾಕುವ ಹಕ್ಕು ಸಾಲಗಾರನಿಗಿಲ್ಲ.

ಮೊಣಕಾಲಿನ ನೋವಿನಿಂದ ವೈದ್ಯರು ಸವಾರಿ ಬೇಡವೆಂದಿದ್ದಾರೆ. ಆದರೆ ತಳ್ಳಬಾರದೆಂದು ಹೇಳಿಲ್ಲ. ವಾರಕ್ಕೆರಡು ದಿನ ಬೆಳಗ್ಗೆ ಕ್ಯಾರಿಯರಿಗೆ ಕೈಚೀಲ ಸಿಕ್ಕಿಸಿ, ಅದನ್ನು ತಳ್ಳಿಕೊಂಡು ಕೊಪ್ಪ ಪೇಟೆಗೆ ಹೋಗಿಬರುತ್ತೇನೆ. ಸಾಹೇಬರ ಮೊಮ್ಮಗ ಅದೇ ಜಾಗದಲ್ಲಿ ಈಗ ಬೈಕಿನ ಗ್ಯಾರೇಜು ಇಟ್ಟಿದ್ದಾನೆ. ನಾನು ಹೋದರೆ ಕೈಯ ಕೆಲಸ ಬಿಟ್ಟು ಬಂದು ಗಾಳಿ ಹಾಕಿಕೊಡುತ್ತಾನೆ. ಮೊನ್ನೆ, "ಓಡಿಸೋದೇ ಇಲ್ಲ ಅಂದಮೇಲೆ ಗಾಳಿ ಯಾಕೆ ಸಾರ್?" ಎಂದು ಕೇಳಿದ. ಅವನ ಅಜ್ಜ ಒಂದು ಚೆಂಡುಹೂವಿನ ಮಾಲೆ ಹಾಕಿದ್ದ ಕತೆಯನ್ನು ಅಲ್ಲಿಯೇ ನಿಂತು ಅವನಿಗೆ ಹೇಳಿದೆ. ಕೊಟ್ಟ ಮಾತನ್ನು ನಲವತ್ತು ವರ್ಷಗಳ ಮೇಲೆ ಮುರಿದಂತಾಯಿತು; ಸಾಹೇಬರು ಕ್ಷಮಿಸಿಯಾರು. ಅವನಿಗೆ ಹೇಳಿದ ಮೇಲೆ ನಿಮಗೂ ಹೇಳಬಹುದೆಂಬ ಧೈರ್ಯ ಬಂತು.

ಅಪ್ಪಯ್ಯನವರ ಮುಂದೆ ಆ ದೀಪಾವಳಿಯ ಸಂಜೆ ಆಡಬೇಕಾಗಿದ್ದ ಮಾತು ಇಷ್ಟೇ. ನಿಮ್ಮ ಮನೆಗಳಲ್ಲಿ ಅಂಥ ಮಾತನ್ನು ಕೇಳಬೇಕಾದ ಹಿರಿಯರು ಇನ್ನೂ ಜಗಲಿಯಲ್ಲಿ ಕೂತಿದ್ದರೆ, ಮುಂದಿನ ರಜೆಗೆಂದು ಕಾಯಬೇಡಿ.